ಗಟ್ಟಿಯಾದ ಜಿಪ್ಸಂ ಕೆಟ್ಟಿದೆಯೇ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳಲ್ಲಿ ಶೇಂಗಾ ಬೆಳೆಗೆಂದು ತಂದಿಟ್ಟ ಜಿಪ್ಸಂ ಮಳೆಗಾಲದ ತೇವಕ್ಕೆ ಚೀಲದಲ್ಲೇ ಗಟ್ಟಿಯಾಗುವುದುಂಟು. ಇದನ್ನು ಕೆಟ್ಟಿತೆಂದು ಎಸೆಯಬೇಕಾಗಿಲ್ಲ.

ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಶುದ್ಧ ಜಿಪ್ಸಮಿನ ಹರಳಿನಲ್ಲಿ ತೂಕದ ಶೇ. 21ರಷ್ಟು ನೀರಿರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಿಸಿದರೆ ಈ ನೀರಿನ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ. ಅದಕ್ಕೆ ನೀರು ಬೆರೆಸಿದರೆ ಬಿಸಿಯಾಗಿ, ಸ್ವಲ್ಪ ಹೊತ್ತಿನಲ್ಲೇ ಗಟ್ಟಿಗೊಂಡು ಮತ್ತೆ ಜಿಪ್ಸಂ ಆಗುತ್ತದೆ. ನೀರು ಪೂರ್ತಿ ಇಲ್ಲದ ಖನಿಜರೂಪ ಅನ್‌ಹೈಡ್ರೈಟ್. ಇದು ಬಹು ನಿಧಾನವಾಗಿ ನೀರನ್ನು ಹಿಡಿದುಕೊಂಡು ಜಿಪ್ಸಂ ಆಗುತ್ತದೆ.

ಚೀಲದ ಜಿಪ್ಸಂ ಗಟ್ಟಿಯಾಗುವಾಗ ಇಂಥ ರೂಪಾಂತರ ನಡೆಯುವುದಿಲ್ಲ. ತೇವಕ್ಕೆ ಪುಡಿ ಕೊಂಚ ಕರಗಿ, ಒಣಗಿದಾಗ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದರಲ್ಲಿನ ಕ್ಯಾಲ್ಸಿಯಂ, ಗಂಧಕ ಹಾಗೆಯೇ ಉಳಿದಿರುತ್ತವೆ.

ಆದರೆ ಹೆಂಟೆಗಳನ್ನು ಹಾಗೆಯೇ ಹಾಕಬಾರದು. ಒಂದು ಲೀಟರು ನೀರಿನಲ್ಲಿ ಕರಗುವ ಜಿಪ್ಸಂ ಸುಮಾರು 2.5 ಗ್ರಾಂ ಮಾತ್ರ. ಹೆಂಟೆ ಕರಗುವುದು ಇನ್ನೂ ತಡ. ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮನ್ನು ಸುತ್ತಲಿನ ಮಣ್ಣಿನಿಂದಲೇ ಹೀರುತ್ತದೆ. ಅದು ಸಕಾಲಕ್ಕೆ ಸಿಗದಿದ್ದರೆ ಕಾಯಿ ಜೊಳ್ಳಾಗುತ್ತದೆ. ಆದ್ದರಿಂದ ಹೆಂಟೆಗಳನ್ನು ಕುಟ್ಟಿ, ಜರಡಿ ಹಿಡಿದು, ಎಕರೆಗೆ 2 ಕ್ವಿಂಟಲಿನಂತೆ ಹೂ ಬಿಡುವ ಕಾಲಕ್ಕೆ ಸಾಲಿನಲ್ಲಿ ಗಿಡದ ಬುಡಕ್ಕೆ ಹಾಕಿ ಮಣ್ಣೇರಿಸಬೇಕು.

ಕರಲು ಭೂಮಿಯ ಸುಧಾರಣೆಗೆ ಬೇಕಾಗುವ ಪ್ರಮಾಣ ಬೇರೆ. ಅದನ್ನು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು. ಈ ಬಗ್ಗೆ ರೈತರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಟ್ಟರೆ ಕುಟ್ಟುವ ಶ್ರಮವೂ ಉಳಿಯುತ್ತದೆ.