ವಿಕಿಪೀಡಿಯದಲ್ಲಿ ಮಾತು ನಡೆಯುವ ಜಾಗ

ವಿಕಿಪೀಡಿಯಕ್ಕಿಂತ ಮೊದಲು ಅದನ್ನು ಕಟ್ಟಿದವರೇ ಅಮೆರಿಕದಲ್ಲಿ ಇನ್ನೊಂದು ವಿಶ್ವಕೋಶ ಶುರು ಮಾಡಿದ್ದರು. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 2000ದಲ್ಲಿ ಕೈಹಾಕಿದ ಆ ನ್ಯೂಪೀಡಿಯದಲ್ಲಿ ಪ್ರತಿ ಲೇಖನವೂ ತಜ್ಞರ ಏಳು ಹಂತದ ಪರಿಶೀಲನೆ ದಾಟಬೇಕಿತ್ತು. 2003ರಲ್ಲಿ ಅದು ಮುಚ್ಚುವಾಗ ಒಪ್ಪಿಗೆ ಪಡೆದ ಲೇಖನಗಳು ಮೂವತ್ತನ್ನೂ ಮುಟ್ಟಿರಲಿಲ್ಲ. 2001ರ ಜನವರಿ 15ರಂದು ಅವರೇ ಆರಂಭಿಸಿದ ವಿಕಿಪೀಡಿಯದಲ್ಲಿ ಒಂದೇ ವರ್ಷಕ್ಕೆ ಸಾವಿರಾರು ಲೇಖನಗಳು ಬಂದವು. ಗುರಿ ಅದೇ, ಮುಂದೆ ನಿಂತವರೂ ಅವರೇ. ಬದಲಾದದ್ದು ಎಲ್ಲರೂ ಸೇರಿ ಬರೆಯುವ, ಮಾತಾಡುವ ಜಾಗ.

ಆ ಜಾಗ ಹೇಗಿದೆ ಎಂದು ತಿಳಿಯಲು ಕನ್ನಡ ವಿಕಿಪೀಡಿಯದ ಯಾವುದಾದರೂ ಲೇಖನ ತೆರೆದು, ಮೇಲಿರುವ 'ಇತಿಹಾಸ' ಒತ್ತಿ ನೋಡಿ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಸೇರಿಸಿದರು ಅಥವಾ ತೆಗೆದರು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಯಾರೋ ಬಂದು ಇಡೀ ಪುಟ ಅಳಿಸಿಹಾಕಿದರೂ ಹಳೆಯ ರೂಪವನ್ನು ಕ್ಷಣದಲ್ಲಿ ಮರಳಿ ತರಬಹುದು. ಕೆಡಿಸುವುದಕ್ಕಿಂತ ಸರಿಪಡಿಸುವುದು ಸುಲಭವಾದ್ದರಿಂದಲೇ ಈ ಸಮುದಾಯ ಗುರುತಿಲ್ಲದವರ ಕೈಗೂ ಧೈರ್ಯವಾಗಿ ಲೇಖನಿ ಕೊಡುತ್ತದೆ. ನನಗೆ ಇದು ವಿಕಿಪೀಡಿಯದ ಅತಿ ದೊಡ್ಡ ಸಾಧನೆ ಅನ್ನಿಸುತ್ತದೆ.

ಪಕ್ಕದಲ್ಲೇ 'ಚರ್ಚೆ' ಇದೆ. ಒಂದು ಇಸವಿ ಸರಿಯೇ, ಒಂದು ಊರಿನ ಹೆಸರು ಹೇಗೆ ಬರೆಯಬೇಕು ಎಂಬ ಮಾತೆಲ್ಲ ಅಲ್ಲೇ ಆಗಬೇಕು. ಕೊನೆಯಲ್ಲಿ ನಾಲ್ಕು ಅಲೆಗೆರೆ (~~~~) ಹಾಕಿ ಉಳಿಸಿದರೆ ನಿಮ್ಮ ಹೆಸರು, ದಿನಾಂಕ ತಾವಾಗಿ ಮೂಡುತ್ತವೆ. ಆಡಿದ ಮಾತು ಹೆಸರಿನ ಸಮೇತ ವರ್ಷಗಟ್ಟಲೆ ಉಳಿಯುತ್ತದೆಂದು ಗೊತ್ತಿರುವವರು ಆಧಾರ ಹುಡುಕಿಕೊಂಡೇ ವಾದಕ್ಕೆ ಇಳಿಯುತ್ತಾರೆ. ಇಡೀ ಸಮುದಾಯಕ್ಕೆ ಸಂಬಂಧಿಸಿದ ವಿಷಯಗಳಿಗೆ 'ಅರಳಿ ಕಟ್ಟೆ' ಎಂಬ ಪುಟವಿದೆ. ಇಂದು ಸೇರಿದವರೂ ಅಲ್ಲಿ ಹಿಂದಿನ ಚರ್ಚೆಗಳನ್ನು ಓದಿಕೊಳ್ಳಬಹುದು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೀಗಾಗುವುದಿಲ್ಲ. ತುರ್ತಿಗೆ, ಆತ್ಮೀಯತೆಗೆ ಅದಕ್ಕೆ ಸಾಟಿಯಿಲ್ಲ, ನಿಜ. ಆದರೆ ಹೊಸದಾಗಿ ಸೇರಿದವರಿಗೆ ಹಿಂದಿನ ಮಾತು ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಉತ್ತರಕ್ಕೆ ಹಳಬರನ್ನೇ ಕಾಯಬೇಕಾಗುತ್ತದೆ, ಮತ್ತು ನಿರ್ಧಾರದ ಅಧಿಕಾರ ಮೆಲ್ಲಗೆ ನೆನಪಿರುವ ನಾಲ್ಕು ಜನರ ಕೈ ಸೇರುತ್ತದೆ. ವಿಕಿ ಬಳಗದವರು ಮೆಸೇಜಿನಲ್ಲಿ ಮಾತಾಡಿದ್ದನ್ನೂ ಅರಳಿ ಕಟ್ಟೆಗೆ ತಂದು ಬರೆಯಬೇಕು ಎನ್ನುವುದು ಇದಕ್ಕಾಗಿಯೇ.

ನೀವು ಮೊದಲ ಸಲ ತಿದ್ದಿದ್ದನ್ನು ಯಾರಾದರೂ ತೆಗೆದುಹಾಕಿದರೆ ಬೇಸರಪಟ್ಟು ಮತ್ತೆ ಅದನ್ನೇ ಹಾಕಬೇಡಿ. ಇತಿಹಾಸದಲ್ಲಿ ಅವರು ಕಾರಣ ಬರೆದಿದ್ದಾರೆಯೇ ನೋಡಿ. ಇಲ್ಲದಿದ್ದರೆ ಚರ್ಚೆ ಪುಟದಲ್ಲಿ ನಿಮ್ಮ ಆಧಾರವನ್ನು, ಪುಸ್ತಕವಾದರೆ ಪುಟಸಂಖ್ಯೆ ಸಹಿತ, ಬರೆದು ಸಹಿ ಹಾಕಿ, ಉತ್ತರಕ್ಕೆ ಒಂದೆರಡು ದಿನ ಬಿಡಿ.