ಹಸುವಿನ ಖನಿಜ ಮಿಶ್ರಣ ಕುರಿಗೆ ಬೇಡ

ಹಸುವಿಗೆಂದು ತಂದ ಖನಿಜ ಮಿಶ್ರಣದ ಚೀಲದಿಂದಲೇ ಕುರಿಗಳಿಗೂ ಒಂದೊಂದು ಹಿಡಿ ಹಾಕುತ್ತಿರುವವರು ಇದನ್ನು ಓದಿ ಮುಗಿಸುವ ತನಕವಾದರೂ ಕೈ ತಡೆಯಿರಿ. ಕಟ್ಟಿ ಮೇಯಿಸುವ ಕುರಿ ಸಾಕಣೆ ಹೆಚ್ಚಿದಂತೆಲ್ಲ ಈ ತಪ್ಪೂ ಹೆಚ್ಚುತ್ತಿದೆ. ಬಯಲಲ್ಲಿ ಮೇಯುವ ಡೆಕ್ಕನಿ, ಬಳ್ಳಾರಿ, ಕೆಂಗುರಿ ಹಿಂಡುಗಳು ಹತ್ತಾರು ಬಗೆಯ ಹುಲ್ಲು, ಸೊಪ್ಪು, ಜಾಲಿಕಾಯಿ ತಿಂದು ಬೇಕಾದ ಖನಿಜವನ್ನು ಬಹುಪಾಲು ತಾವೇ ಹೊಂದಿಸಿಕೊಳ್ಳುತ್ತವೆ. ಕೊಟ್ಟಿಗೆಯೊಳಗಿನ ಕುರಿಗೆ ನಾವು ಹಾಕಿದ್ದೇ ಗತಿ.

ಖನಿಜ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಉಣ್ಣೆಯ ತೂಕದಲ್ಲಿ ಶೇ 3ರಿಂದ 4ರಷ್ಟು ಗಂಧಕವೇ ಇರುತ್ತದೆ. ಸತು ಸಾಲದಿದ್ದರೆ ಉಣ್ಣೆ ಉದುರಿ ಚರ್ಮ ಹೊಪ್ಪಳ ಕಟ್ಟುತ್ತದೆ. ಅಯೋಡಿನ್ ಕೊರತೆಯಾದರೆ ಮರಿಗಳು ಕತ್ತು ಊದಿಕೊಂಡೇ ಹುಟ್ಟುತ್ತವೆ. ತಾಮ್ರ ಕಡಿಮೆಯಾದರೆ ಉಣ್ಣೆಯ ಗುಂಗುರು ಹೋಗಿ ತಂತಿಯ ಹಾಗೆ ನೆಟ್ಟಗಾಗುತ್ತದೆ, ಕರಿ ಉಣ್ಣೆಯ ಬಣ್ಣ ಮಾಸುತ್ತದೆ; ಗಬ್ಬದ ಕುರಿಗೆ ಕೊರತೆಯಾದರೆ ಹುಟ್ಟಿದ ಮರಿ ಹಿಂಗಾಲು ಊರಲಾರದೆ ತೂರಾಡುತ್ತದೆ. ಆದರೆ ಉಣ್ಣೆ ಉದುರಿದ ತಕ್ಷಣ ಖನಿಜದ ಡಬ್ಬಿಗೆ ಕೈ ಹಾಕಬೇಡಿ. ಮೊದಲು ಉಣ್ಣೆ ಬಿಡಿಸಿ ಹೇನು, ಉಣ್ಣಿ, ಕಜ್ಜಿ ಇದೆಯೇ ನೋಡಿ. ಹೆಚ್ಚಿನ ಸಲ ಅಲ್ಲೇ ಉತ್ತರ ಸಿಗುತ್ತದೆ.

ಚೀಲದ ಹಿಂಬದಿ ಓದಿ

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಚೀಲ ತಿರುಗಿಸಿ ನೋಡಿ. ಯಾವ ಪ್ರಾಣಿಗೆ ಎಂದು ಬರೆದಿದೆ? ಮುಂದೆ ಹಸು, ಎಮ್ಮೆ, ಕುರಿ, ಮೇಕೆ ಎಲ್ಲದರ ಚಿತ್ರ ಹಾಕಿ ಹಿಂದೆ ಹಸುವಿನ ಲೆಕ್ಕವನ್ನಷ್ಟೇ ಕೊಟ್ಟಿರುವ ಚೀಲಗಳಿವೆ. ಚಿತ್ರ ನಂಬಬೇಡಿ. ತಾಮ್ರ ಎಂಬ ಸಾಲು ಹುಡುಕಿ. ಅದು ಶೇಕಡಾ ಲೆಕ್ಕದಲ್ಲೋ, ಕೆಜಿಗೆ ಇಷ್ಟು ಮಿಲಿಗ್ರಾಂ ಎಂದೋ ಇರುತ್ತದೆ. 0.1% ಎಂದರೆ ಒಂದು ಕೆಜಿ ಮಿಶ್ರಣದಲ್ಲಿ 1,000 ಮಿಲಿಗ್ರಾಂ ತಾಮ್ರ; ಅಂದರೆ 10 ಗ್ರಾಂ ಪುಡಿಯಲ್ಲಿ 10 ಮಿಲಿಗ್ರಾಂ.

ಈಗ ಲೆಕ್ಕ ಹಾಕಿ. ಕರೆಯುವ ಹಸು ದಿನಕ್ಕೆ 10 ಕೆಜಿಗಿಂತ ಹೆಚ್ಚು ಒಣ ಆಹಾರ ತಿನ್ನುತ್ತದೆ. ಅದಕ್ಕೆ 50 ಗ್ರಾಂ ಮಿಶ್ರಣ ಕೊಟ್ಟರೆ ತಿಂದ ಕೆಜಿಯೊಂದಕ್ಕೆ ಸೇರುವ ತಾಮ್ರ 5 ಮಿಲಿಗ್ರಾಂ ಒಳಗೇ. 30 ಕೆಜಿ ತೂಗುವ ಕುರಿ ತಿನ್ನುವುದು ಸುಮಾರು ಒಂದು ಕೆಜಿ ಒಣ ಆಹಾರ. ಅದಕ್ಕೂ ಅದೇ 50 ಗ್ರಾಂ ಹಾಕಿದರೆ ಆ ಒಂದೇ ಕೆಜಿಗೆ 50 ಮಿಲಿಗ್ರಾಂ ತಾಮ್ರ ಬಿತ್ತು. ಕುರಿಗೆ ಬೇಕಾದದ್ದು ಕೆಜಿಗೆ 7ರಿಂದ 10 ಮಿಲಿಗ್ರಾಂ, ಅದರಲ್ಲಿ ಬಹುಪಾಲು ಮೇವಿನಿಂದಲೇ ಬರುತ್ತದೆ. 15 ದಾಟಿದರೆ ಅಪಾಯದ ಗೆರೆ. ಯುರೋಪಿನ ದೇಶಗಳಲ್ಲಿ ಕುರಿಯ ಆಹಾರದಲ್ಲಿ ಕೆಜಿಗೆ 10 ಮಿಲಿಗ್ರಾಂ ಮೀರಿದರೇ ಚೀಲದ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಓದುವವರೇ ಎಚ್ಚರ ವಹಿಸಬೇಕು.

ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕುವ ಶಕ್ತಿ ಕುರಿಗೆ ತೀರಾ ಕಡಿಮೆ. ಅದು ಯಕೃತ್ತಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸೇರುತ್ತಾ ಹೋಗುತ್ತದೆ. ಅಲ್ಲಿಯವರೆಗೆ ಕುರಿ ಚೆನ್ನಾಗಿಯೇ ಕಾಣುತ್ತದೆ, ಮೈ ತುಂಬಿಕೊಂಡಿರುತ್ತದೆ, ಮಿಶ್ರಣದ ಗುಣ ಎಂದು ಸಾಕಿದವರಿಗೆ ಖುಷಿ. ಒಂದು ದಿನ ಲಾರಿಗೆ ಹತ್ತಿಸಿದಾಗಲೋ, ಉಣ್ಣೆ ಕತ್ತರಿಸಿದಾಗಲೋ, ಮೇವು ಒಮ್ಮೆಲೇ ಬದಲಾದಾಗಲೋ ಕೂಡಿಟ್ಟ ತಾಮ್ರವೆಲ್ಲ ರಕ್ತಕ್ಕೆ ನುಗ್ಗಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಕುರಿ ಮೇವು ಬಿಡುತ್ತದೆ, ತಲೆ ಇಳಿಬಿಟ್ಟು ಮೂಲೆಯಲ್ಲಿ ನಿಲ್ಲುತ್ತದೆ. ಕೆಳರೆಪ್ಪೆ ಎಳೆದು ನೋಡಿದರೆ ಹಳದಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಒಂದೆರಡು ದಿನದಲ್ಲಿ ಸಾವು. ಮರಣೋತ್ತರ ಪರೀಕ್ಷೆಯಲ್ಲಿ ಮೂತ್ರಪಿಂಡ ಕಪ್ಪುನೀಲಿಯಾಗಿರುತ್ತದೆ. ಕೆಂಪು ಮೂತ್ರ ಕಂಡೊಡನೆ ಉಣ್ಣಿ ಜ್ವರವೆಂದು ಚುಚ್ಚುಮದ್ದು ಹಾಕಿಸುವವರುಂಟು. ಪಶುವೈದ್ಯರು ಬಂದಾಗ ಯಾವ ಮಿಶ್ರಣ, ಎಷ್ಟು ದಿನದಿಂದ ಎಂಬುದನ್ನು ನೀವಾಗಿಯೇ ಹೇಳಿ, ಖಾಲಿ ಚೀಲ ತೋರಿಸಿ. ಬಿದ್ದ ಕುರಿಯನ್ನು ಉಳಿಸುವುದು ಕಷ್ಟ. ಆದರೆ ಉಳಿದ ಹಿಂಡಿನ ಯಕೃತ್ತಿನಲ್ಲೂ ಅಷ್ಟೇ ತಾಮ್ರವಿರುತ್ತದೆ. ಮಿಶ್ರಣ ಅಂದೇ ನಿಲ್ಲಿಸಿ, ವೈದ್ಯರ ಅಳತೆಯಲ್ಲೇ ಅಮೋನಿಯಂ ಮಾಲಿಬ್ಡೇಟ್ ಮತ್ತು ಸೋಡಿಯಂ ಸಲ್ಫೇಟ್ ಕುಡಿಸಿದರೆ ಅವು ಬದುಕುವ ಅವಕಾಶವಿದೆ.

ತಾಮ್ರ ಬರುವ ಕಳ್ಳದಾರಿಗಳೂ ಇವೆ. ಅಡಿಕೆ ತೋಟಕ್ಕೆ ಕೊಳೆರೋಗಕ್ಕೆ, ದ್ರಾಕ್ಷಿಗೆ ಬೂಜುರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣ ಮೈಲುತುತ್ತದ್ದೇ, ಅಂದರೆ ತಾಮ್ರದ ಸಲ್ಫೇಟಿನದು. ಸಿಂಪಡಿಸಿದ ತೋಟದ ಹುಲ್ಲಿಗೆ ಕುರಿ ಬಿಡಬೇಡಿ, ಆ ಹುಲ್ಲು ಕೊಯ್ದು ತರಲೂಬೇಡಿ. ಗೊರಸು ಕೊಳೆತಕ್ಕೆ ಮೈಲುತುತ್ತದ ನೀರಲ್ಲಿ ಕಾಲು ನೆನೆಸುವ ಪದ್ಧತಿ ಹಳೆಯದು. ಬಾಯಾರಿದ ಕುರಿ ಆ ನೀರನ್ನೇ ಕುಡಿಯುತ್ತದೆ. ಶೇ 10ರ ಸತುವಿನ ಸಲ್ಫೇಟ್ ದ್ರಾವಣ ಅದೇ ಕೆಲಸ ಮಾಡುತ್ತದೆ, ಅದಕ್ಕೂ ಮೊದಲು ಕುರಿಗೆ ಹೊಟ್ಟೆ ತುಂಬ ನೀರು ಕುಡಿಸಿ. ಅಗ್ಗಕ್ಕೆ ಸಿಗುತ್ತದೆಂದು ಹಂದಿಯ ಇಲ್ಲವೇ ಕೋಳಿಯ ಆಹಾರ ತರುವುದನ್ನೂ ಬಿಡಿ.

ಕೊಡುವ ಕ್ರಮ

ತಾಮ್ರ ಸೇರಿಸದ, ಕುರಿಗೆಂದೇ ತಯಾರಿಸಿದ ಮಿಶ್ರಣ ಕೊಳ್ಳಿ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಪ್ರದೇಶವಾರು ಖನಿಜ ಮಿಶ್ರಣಗಳ ಮೇಲೆ ಕೆಲಸ ಮಾಡಿದೆ. ಅಂಥ ಮಿಶ್ರಣ ಸಿಕ್ಕರೂ ಯಾವ ಪ್ರಾಣಿಗೆ ಎಂದು ಕೇಳಿಯೇ ತನ್ನಿ. ದೊಡ್ಡ ಕುರಿಗೆ ದಿನಕ್ಕೆ 5ರಿಂದ 10 ಗ್ರಾಂ, ಮೇವು ಹಿಡಿದ ಮರಿಗೆ ಅದರ ಅರ್ಧ ಸಾಕು. ಹಿಡಿಯಲ್ಲಿ ಅಳೆಯಬೇಡಿ, ಒಬ್ಬೊಬ್ಬರ ಹಿಡಿ ಒಂದೊಂದು ತೂಕ. ಮನೆಯಲ್ಲಿರುವ ಚಮಚ ಎಷ್ಟು ಗ್ರಾಂ ಹಿಡಿಯುತ್ತದೆಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿಕೊಂಡು ಅದನ್ನು ಚೀಲದಲ್ಲೇ ಬಿಡಿ.

ಕುರಿಗೊಂದು ಚಮಚ ಎಂದು ದೋಣಿಗೆ ಉದುರಿಸಿದರೆ ಗಟ್ಟಿ ಟಗರು ಐದು ಕುರಿಯ ಪಾಲು ನೆಕ್ಕಿಬಿಡುತ್ತದೆ. ಆದ್ದರಿಂದ ಹಿಂಡಿಯಲ್ಲೇ ಕಲಸಿ: 100 ಕೆಜಿ ಹಿಂಡಿಗೆ 2 ಕೆಜಿ ಮಿಶ್ರಣ, 1 ಕೆಜಿ ಪುಡಿಯುಪ್ಪು. ಮೊದಲು ನಾಲ್ಕೈದು ಕೆಜಿ ಬೂಸಾದಲ್ಲಿ ಮಿಶ್ರಣವನ್ನು ಚೆನ್ನಾಗಿ ಬೆರೆಸಿ, ಆಮೇಲೆ ಆ ಬೂಸಾವನ್ನು ಇಡೀ ರಾಶಿಗೆ ಸೇರಿಸಿ ಸಲಿಕೆಯಲ್ಲಿ ಎರಡು ಮೂರು ಸಲ ಮಗುಚಿ. ಈ ಲೆಕ್ಕ ದಿನಕ್ಕೆ 300 ಗ್ರಾಂ ಹಿಂಡಿ ತಿನ್ನುವ ಕುರಿಗೆ. ಕೊಬ್ಬಿಸಲು ಅದರ ಎರಡರಷ್ಟು ಹಿಂಡಿ ಹಾಕುವವರು ಮಿಶ್ರಣವನ್ನು ಅರ್ಧಕ್ಕೆ ಇಳಿಸಿ. ಮಿಶ್ರಣದಲ್ಲೇ ಉಪ್ಪು ಇದ್ದರೆ ಬೇರೆ ಉಪ್ಪು ಬೇಡ. ನೆಕ್ಕುವ ಇಟ್ಟಿಗೆ ತೂಗುಹಾಕಬಹುದು, ಆದರೆ ಯಾವ ಕುರಿ ಎಷ್ಟು ನೆಕ್ಕಿತೆಂಬ ಲೆಕ್ಕ ಸಿಗದು. ಹಿಂಡಿಯಲ್ಲಿ ಮಿಶ್ರಣ ಕೊಡುತ್ತಿದ್ದರೆ ಬರೀ ಉಪ್ಪಿನ ಇಟ್ಟಿಗೆ ಸಾಕು. ಮೈ ಮಿರಿಮಿರಿ ಮಿಂಚಲೆಂದು ಬಾಟಲಿ ಟಾನಿಕ್ ಕುಡಿಸುವ ಖರ್ಚು ನನ್ನ ಮಟ್ಟಿಗೆ ದಂಡ. ಆ ದುಡ್ಡಿನಲ್ಲಿ ಒಂದು ಹೊರೆ ಕುದುರೆಮೆಂತೆ ತನ್ನಿ.

ಬಕ್ರೀದ್‌ಗೆ ಟಗರು ಸಾಕುವವರಿಗೆ ಇನ್ನೊಂದು ಮಾತು. ಬೂಸಾ, ತೌಡು, ಮುಸುಕಿನ ಜೋಳದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಅದರ ಮೇಲೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿಯನ್ನೂ ಹಾಕಿದರೆ ಮೂತ್ರನಾಳದಲ್ಲಿ ಹರಳು ಕಟ್ಟುತ್ತದೆ. ಸುಣ್ಣ ಎರಡು ಪಾಲು, ರಂಜಕ ಒಂದು ಪಾಲು ಇರಬೇಕು. ಅದಕ್ಕೆ ಡಿಸಿಪಿ ಬದಲು ಸುಣ್ಣಕಲ್ಲಿನ ಪುಡಿ. ಹಿಂಡಿಗೆ ಶೇ 0.5 ಅಮೋನಿಯಂ ಕ್ಲೋರೈಡ್ ಸೇರಿಸುವುದನ್ನು ವೈದ್ಯರಲ್ಲಿ ಕೇಳಿ. ನೀರು ಸದಾ ಮುಂದಿರಲಿ. ಟಗರು ಮುಕ್ಕಿರಿಯುತ್ತಾ ಹನಿ ಹನಿ ಮೂತ್ರ ಮಾಡುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಒಯ್ಯಿರಿ.