ನೋವಿನ ಎಣ್ಣೆಗೆ ಕೈ ಹಾಕುವ ಮುನ್ನ

ದೈಹಿಕ ಶಿಕ್ಷಣ ಓದುತ್ತಿರುವವರೇ, ಓದಿ ಮೇಷ್ಟ್ರಾದವರೇ, ಪ್ರಥಮ ಚಿಕಿತ್ಸೆಯ ಪಾಠ ಬರೆದು ಪಾಸಾಗಿದ್ದೀರಿ, ನಿಜ. ಆದರೆ ಕಬಡ್ಡಿ ಅಂಕಣದಲ್ಲಿ ಹುಡುಗನ ಕಾಲು ಉಳುಕಿದರೆ ಕೈ ಹೋಗುವುದು ನೋವಿನ ಎಣ್ಣೆಗೇ ಅಲ್ಲವೇ? ತಿಕ್ಕಬೇಡಿ, ಎಳೆದು ನೆಟಿಗೆ ತೆಗೆಯಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಟ್ಟು, ಕಾಲನ್ನು ಎತ್ತರಕ್ಕಿರಿಸಿ. ಮೊದಲೆರಡು ದಿನ ಶಾಖವೂ ಬೇಡ. ಕಾಲೂರಲಾಗದಿದ್ದರೆ ಎಕ್ಸ್‌ರೇ ಆಗಲಿ. ‘ಏನಾಗಲ್ಲ, ಆಡು’ ಅನ್ನುವ ಹುರುಪು ಅಲ್ಲಿ ಸಲ್ಲದು.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಲಿ. ಮೂಗಿನ ಮೆದು ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವುದು, ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಸುರಿಯುವುದು ದಯವಿಟ್ಟು ನಿಲ್ಲಲಿ. ಎರಡನೆಯದಂತೂ ಉಸಿರುಗಟ್ಟಿಸೀತು.

ಕುಸಿದುಬಿದ್ದ ಆಟಗಾರ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ; ನೀವು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತುತ್ತ ಹೋಗಿ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ತರಬೇತಿಯಲ್ಲಿ ಗೊಂಬೆಯ ಮೇಲೆ ಒತ್ತಿ ಕಲಿಯಿರಿ, ಆಗಾಗ ಮತ್ತೆ ಕಲಿಯಿರಿ. ಹಾಂ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಚೇರಿಯ ಬೀರುವಿನಲ್ಲಿ ಬೇಡ, ಮೈದಾನಕ್ಕೇ ಬರಲಿ.